ಮೂರನೇ ಕೂಗಿನ ವೀಳ್ಯ

ಹಾಲಗುಂಡಿಯ ಕರಿಬಸಯ್ಯನಿಗೆ ಮೂರು ಕೆಲಸ. ಬೆಳಗಾದರೆ ಬಸವಣ್ಣನ ಗುಡಿಯಲ್ಲಿ ಪೂಜೆ, ಆಮೇಲೆ ಹಿಟ್ಟಿನ ಗಿರಣಿ, ಇವೆರಡರ ನಡುವೆ ಸಿಟ್ಟು. ಪೂಜೆಗೆ ಒಂದು ಹೊತ್ತು, ಗಿರಣಿಗೆ ಕರೆಂಟು ಇದ್ದ ಹೊತ್ತು. ಸಿಟ್ಟಿಗೆ ಹೊತ್ತುಗೊತ್ತು ಇರಲಿಲ್ಲ.

ಜಂಗಮನ ಮನೆಯಲ್ಲಿ ಹುಟ್ಟಿದವನಿಗೆ ಊರು ಬಾಗಿ ಶರಣು ಅನ್ನುತ್ತದೆ. ಗಿರಣಿ ಇಟ್ಟವನಿಗೆ ಅದೇ ಊರು "ಹಿಟ್ಟು ಕಡಿಮಿ ಬಂದೈತಿ" ಎಂದು ಜಗಳಕ್ಕೆ ನಿಲ್ಲುತ್ತದೆ. ಗುಡಿಯ ಮೆಟ್ಟಿಲಲ್ಲಿ ಕಾಲಿಗೆ ಬಿದ್ದವರೇ ಎದ್ದು ನೇರ ಗಿರಣಿಗೆ ಬಂದು ಡಬ್ಬಿ ಎತ್ತಿ ತೂಕ ನೋಡುತ್ತಿದ್ದರು. ಹೀಗಾಗಿ ಮನುಷ್ಯರ ಮೇಲೆ ಅಯ್ಯನಿಗೆ ದೊಡ್ಡ ಭರವಸೆ ಏನೂ ಉಳಿದಿರಲಿಲ್ಲ. ಆದರೂ ಆತ ಇಂಥದೊಂದು ಕೆಲಸಕ್ಕೆ ಕೈ ಹಾಕಿದ. ಯಾಕೆ ಎಂದು ಹೇಳಬೇಕಾದರೆ ಮೊದಲು ಕೆರೆಯ ವಿಷಯ ಹೇಳಬೇಕು.

ಹಾಲಗುಂಡಿ ಮಸ್ಕಿಯಿಂದ ಸಿಂಧನೂರಿಗೆ ಹೋಗುವ ರಸ್ತೆಯಿಂದ ಒಳಗಿರುವ ಊರು. ಕಾಲುವೆಯ ಕಟ್ಟಕಡೆ. ಮೇಲಿನ ಊರುಗಳ ಗದ್ದೆ ಕುಡಿದು, ತೇಗಿ, ಬಾಯಿ ಒರೆಸಿಕೊಂಡ ಮೇಲೆ ಉಳಿದ ನೀರು ಇಲ್ಲಿಗೆ. ಊರ ಹೊರಗೆ ಕುಡಿಯುವ ನೀರಿನ ಕೆರೆ ಇದೆ. ಕಾಲುವೆ ಬಂದ್ ಆಗುವ ಮೊದಲು ಪಂಚಾಯ್ತಿಯ ಮೆಂಬರಾದವನು ಓಡಾಡಿ, ನೀರಾವರಿಯವರಿಗೆ ಹೇಳಿ, ತೂಬು ಎತ್ತಿಸಿ ಕೆರೆ ತುಂಬಿಸಬೇಕು. ತುಂಬಿತೋ, ಬೇಸಿಗೆ ದಾಟಿತು. ತುಂಬಲಿಲ್ಲವೋ, ಟ್ಯಾಂಕರಿನ ಹಿಂದೆ ಓಡಬೇಕು.

ಮೆಂಬರು ಪಂಪನಗೌಡ. ಒಳ್ಳೆಯ ಮನುಷ್ಯ. ಯಾರಿಗೂ ಬೈದವನಲ್ಲ, ಯಾರದನ್ನೂ ತಿಂದವನಲ್ಲ. ಪಂಚಾಯ್ತಿ ಮೀಟಿಂಗಿಗೆ ಹೋಗುತ್ತಿದ್ದ, ಫ್ಯಾನಿನ ಕೆಳಗೆ ಕೂಡುತ್ತಿದ್ದ, ನಿದ್ದೆ ಮಾಡುತ್ತಿದ್ದ, ಚಹಾ ಬಂದಾಗ ಏಳುತ್ತಿದ್ದ. ಆ ವರ್ಷ ಕಾಲುವೆ ಬಂದ್ ಆಗುವ ಹೊತ್ತಿಗೆ ಗೌಡ ಬಳ್ಳಾರಿಯಲ್ಲಿ ಬೀಗರ ಮನೆಯ ಲಗ್ನದಲ್ಲಿದ್ದ. ಊಟ ಚಲೋ ಇತ್ತಂತೆ. ತಿರುಗಿ ಬರುವಷ್ಟರಲ್ಲಿ ಕಾಲುವೆಯಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು.

ಇದನ್ನು ಕೇಳಿದರೆ ಯಾರಿಗಾದರೂ ಮೈ ಉರಿಯಬೇಕು. ಊರಿಗೆ ಉರಿಯಲಿಲ್ಲ. ಕೊಡ ಹಿಡಿದುಕೊಂಡು ಟ್ಯಾಂಕರಿನ ಮುಂದೆ ಒಬ್ಬರ ಕೂದಲು ಒಬ್ಬರು ಜಗ್ಗಿದರೇ ಹೊರತು ಗೌಡನ ಮನೆ ಕಡೆ ಒಬ್ಬರೂ ಹೋಗಲಿಲ್ಲ. ಕರಿಬಸಯ್ಯ ಮಾತ್ರ ಸೈಕಲ್ಲಿನ ಎರಡು ಬದಿಗೆ ಕೊಡ ಕಟ್ಟಿಕೊಂಡು ಪಕ್ಕದ ಊರಿನ ಕೆರೆಗೆ ಹೋಗಿ ಬರುವಾಗ, ಗುಡಿಯ ಕಟ್ಟೆಯ ಮೇಲೆ ಕೂತಿದ್ದ ಗೌಡನನ್ನು ಕಂಡ. ಸೈಕಲ್ ನಿಲ್ಲಿಸಿದ.

"ಗೌಡ್ರ, ಬಳ್ಳಾರ್‍ಯಾಗ ನೀರು ಚಲೋ ಇದ್ದುವೇನು?"

"ಬಾಟ್ಲಿ ನೀರು ಅಯ್ಯಾರ. ಒಬ್ಬೊಬ್ರಿಗೆ ಒಂದೊಂದು ಇಟ್ಟಿದ್ರು," ಎಂದ ಗೌಡ. ಕೊಂಕು ತಿಳಿಯುವ ಮನುಷ್ಯನಲ್ಲ.

ಅಲ್ಲಿಗೆ ಅಯ್ಯನ ತಲೆ ಕೆಟ್ಟಿತು. "ಕಟ್ಟಿ ಮ್ಯಾಲಿದ್ದೋರೆಲ್ಲ ಕೇಳ್ರಿ. ಇನ್ನೊಂದು ಇಲೆಕ್ಷನ್ ಬರ್ಲಿ. ನನ್ನ ಕೈಲಿಂದ ಈ ಗೌಡ್ರ ಕೈಗೆ ವೀಳ್ಯ ಹೋತಂದ್ರ, ನಾ ಆ ಗುಡಿ ಬಾಗಲಾ ತೆಗಿಯಂಗಿಲ್ಲ. ಬ್ಯಾರೆ ಪೂಜಾರಿನ್ನ ನೋಡ್ಕೊಳ್ರಿ."

ವೀಳ್ಯದ ಪದ್ಧತಿ ಆ ಊರಿನವರಿಗೆ ಉಸಿರಿನಷ್ಟೇ ಸಹಜ. ಪಂಚಾಯ್ತಿ ಇಲೆಕ್ಷನ್ ಬಂದಾಗ ಹಾಲಗುಂಡಿಯಲ್ಲಿ ಓಟು ಆಗುವುದಿಲ್ಲ. ಎತ್ತು ಹೂಡದ ಸೋಮವಾರ ನೋಡಿ ಹಿರಿಯರು ಕಟ್ಟೆಗೆ ಕೂಡುತ್ತಾರೆ. ಪೂಜಾರಿ ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಹೋಳು ಕೊಬ್ಬರಿ ಇಟ್ಟುಕೊಂಡು "ವೀಳ್ಯ ಐತಿ, ಹಿಡಿಯೋರು ಬರ್ರಿ" ಎಂದು ಮೂರು ಸಲ ಕೂಗುತ್ತಾನೆ. ಯಾರ ಹೆಸರೂ ಹೇಳುವುದಿಲ್ಲ. ಮೊದಲ ಕೂಗಿಗೆ ಎದ್ದವನು ಆಸೆಬುರುಕ, ಎರಡನೆಯದಕ್ಕೆ ಎದ್ದವನು ಅವಸರಗೇಡಿ. ಮೂರನೆಯದಕ್ಕೆ ಗೌಡ ಮೊಣಕಾಲು ಹಿಡಿದುಕೊಂಡು ಏಳುತ್ತಾನೆ. ವೀಳ್ಯ ಹಿಡಿದವನೇ ಮೆಂಬರು. ಅವನ ಎದುರು ಯಾರೂ ನಾಮಿನೇಶನ್ ಹಾಕುವಂತಿಲ್ಲ. ಗೌಡನಿಗಿಂತ ಮೊದಲು ಅವರಪ್ಪ ಏಳುತ್ತಿದ್ದ.

ಪೂಜಾರಿಯ ಮಾತು ಕೇಳಿ ಗೌಡ ನಕ್ಕ.

"ಆತು ಅಯ್ಯಾರ. ನನಗೂ ಸಾಕಾಗೇತಿ. ಆದ್ರ ಕೊಡೋದು ಯಾರಿಗೆ? ಕೊಡೋ ಕೈ ಹಿಡಿಯಂಗಿಲ್ಲ, ಅಂದ್ರ ನೀವಂತೂ ಅಲ್ಲ. ಹರೇದ ಹುಡುಗರಾಗ ಒಬ್ರನ್ನರ ಎದ್ದು ನಿಲ್ಲಸ್ರಿ. ನಾನ ಚಪ್ಪಾಳಿ ಹೊಡೀತೀನಿ."

"ಒಬ್ರಲ್ಲ, ಹತ್ತು ಮಂದಿ ನಿಲ್ಲಸ್ತೀನಿ," ಎಂದು ಅಯ್ಯ ಸೈಕಲ್ ತಳ್ಳಿಕೊಂಡು ಹೋದ.

ಮನೆಯಲ್ಲಿ ಹೆಂಡತಿ ಅಂಬಮ್ಮ ಕೊಡ ಇಳಿಸಿಕೊಳ್ಳುತ್ತ ಎಲ್ಲ ಕೇಳಿದಳು. "ಗುಡಿ ಬಿಟ್ರ ಗಿರಣಿ ಐತಿ. ಮಾತು ಬಿಟ್ರ ಏನೈತಿ ನಿಮಗ?" ಎಂದಳು. ಅಯ್ಯನಿಗೆ ಅದು ಧೈರ್ಯದ ಮಾತೋ ಹೆದರಿಕೆಯ ಮಾತೋ ತಿಳಿಯಲಿಲ್ಲ.

ಅಂದಿನಿಂದ ಗಿರಣಿಯಲ್ಲಿ ಹೊಸ ಪದ್ಧತಿ ಶುರುವಾಯಿತು. ಜೋಳದ ಡಬ್ಬಿ ತಂದವರು ಮುದುಕರಾದರೆ ಬೀಸಿ ಕೊಡುವುದು. ಹರೆಯದವರಾದರೆ ಅರ್ಧ ಬೀಸಿ, ಗುಂಡಿ ಒತ್ತಿ ಗಿರಣಿ ನಿಲ್ಲಿಸಿ, ಮಾತು ಹಚ್ಚುವುದು.

ವೀರೇಂದ್ರ ಎಂಬ ಹುಡುಗ ಬಂದ. ಧಾರವಾಡದಲ್ಲಿ ಕೋಚಿಂಗ್ ಮುಗಿಸಿ ಬಂದು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದವನು.

"ಏನ್ ಓದಾಕತ್ತಿಲೇ ತಮ್ಮಾ?"

"ಪಂಚಾಯತ್ ರಾಜ್ ರೀ ಅಯ್ಯಾರ. ಅದರ ಮ್ಯಾಲೆ ಪ್ರಶ್ನಿ ಜರೂರ ಬರ್ತಾವು."

"ಹಂಗಾರ ಗ್ರಾಮಸಭಾಕ್ಕ ಯಾವಾಗರ ಬಂದೀಯೇನು?"

"ಅದರ ಮ್ಯಾಲೆ ಪ್ರಶ್ನಿ ಬರಂಗಿಲ್ರಿ."

ಅಯ್ಯ ಬಿಡಲಿಲ್ಲ. ಕೆರೆ ಯಾಕೆ ತುಂಬಲಿಲ್ಲ, ಹಿರಿಯರು ಹೇಗೆ ಕಟ್ಟೆಗೆ ಅಂಟಿಕೊಂಡಿದ್ದಾರೆ, ಇಪ್ಪತ್ತೊಂದು ತುಂಬಿದವರು ಯಾರು ಬೇಕಾದರೂ ಹೇಗೆ ನಿಲ್ಲಬಹುದು, ಎಲ್ಲ ಹೇಳಿದ. "ಮೂರನೇ ಕೂಗಿಗೆ ನೀ ಏಳಬೇಕು. ಏಳ್ತೀಯಿಲ್ಲೋ?"

ವೀರೇಂದ್ರ ಡಬ್ಬಿಯ ಕಡೆ ನೋಡಿದ. ಅರ್ಧ ಜೋಳ ಇನ್ನೂ ಮೇಲೆಯೇ ಇತ್ತು. "ಹೂಂ ರೀ," ಎಂದ.

ಅಯ್ಯ ಗುಂಡಿ ಒತ್ತಿದ.

ಆಮೇಲೆ ಬಂದವನು ಸಿದ್ದಲಿಂಗೇಶ. ಹಟ್ಟಿಯ ಗಣಿಯಲ್ಲಿ ಗುತ್ತಿಗೆ ಕೆಲಸ, ವಾರಕ್ಕೊಂದು ಶಿಫ್ಟು, ಸಾಲದಲ್ಲಿ ತಂದ ಬೈಕು. "ಮೆಂಬರ ಆದ್ರ ಹೆಣ್ಣು ಕೊಡಂಗಿಲ್ಲ ಅಂತಾರ ಅಯ್ಯಾರ," ಎಂದ.

"ಈಗ ಎಷ್ಟು ಮಂದಿ ಕೊಡಾಕ ಬಂದಾರ?"

ಅವನೂ ಹೂಂ ಎಂದ. ಅವನ ಹಿಂದೆ ಬಂದವರೂ ಎಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಹಾಲಗುಂಡಿಯ ಹರೆಯದ ಹುಡುಗರೆಲ್ಲ ಮೆಂಬರಾಗಲು ಒಪ್ಪಿ ಹಿಟ್ಟು ಒಯ್ದಿದ್ದರು. ಅಯ್ಯ ಖುಷಿಯಲ್ಲಿದ್ದ. "ಈಗಿನ ಹುಡುಗರು ಕೆಟ್ಟಾರ ಅಂತಾರ. ಕೇಳೋರು ಬೇಕು, ಅಷ್ಟ," ಎಂದು ಊಟಕ್ಕೆ ಕೂತಾಗ ಹೇಳಿದ.

ಅಂಬಮ್ಮ ರೊಟ್ಟಿ ಹಾಕಿದಳು. "ಹಿಟ್ಟಿಗೆ ಹೂಂ ಅಂದಾರ," ಎಂದಳು.

ಭಾಗ್ಯಶ್ರೀ ಬಂದದ್ದು ಅದರ ಮರುದಿನ. ಆಕೆಯ ತಾಯಿ ಗಂಗಾದೇವಿ ನಾಟಿಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ದಢೇಸುಗೂರು ಕಡೆಯ ಗದ್ದೆಗಳಿಗೆ ಹೋಗುವವಳು. ಮಗಳು ದಿನಾ ಬಸ್ಸಿಗೆ ಸಿಂಧನೂರಿಗೆ ಹೋಗಿ ಡಿಗ್ರಿ ಮುಗಿಸಿದ್ದಳು. ಅಯ್ಯ ಅರ್ಧ ಬೀಸಿ ಗಿರಣಿ ನಿಲ್ಲಿಸಿದ. ಎಲ್ಲ ಹೇಳಿದ. ಕೊನೆಗೆ ಕೇಳಿದ.

"ಆಗಂಗಿಲ್ರಿ ಅಯ್ಯಾರ," ಎಂದಳು ಹುಡುಗಿ.

ಗಿರಣಿಯಲ್ಲಿ ಈ ಮಾತು ಹೊಸದು. "ಯಾಕವಾ? ಹೆದರಿಕಿ ಏನು?"

"ಹೆದರಿಕಿ ಅಲ್ರಿ. ವೀಳ್ಯ ಕೊಡೋದು ಕಟ್ಟಿ ಮ್ಯಾಲೆ. ನಮ್ಮವ್ವ ಈ ಊರಿಗೆ ಸೊಸಿಯಾಗಿ ಬಂದಾಗಿಂದ ಆ ಕಟ್ಟಿ ಮುಂದ ತಲಿ ಮ್ಯಾಲೆ ಸೆರಗ ಇಲ್ದ ಹೋಗಿಲ್ಲ. ನಾ ಅದನ್ನ ಏರಬೇಕೇನು? ಏರಿದ್ನಿ ಅಂತ ಇಟ್ಕೊಳ್ರಿ. ಲಗ್ನ ಆಗದ ಹುಡುಗಿ ಹಿರೇರ ಮುಂದ ಅಯ್ಯನೋರ ಕೈಲಿಂದ ಎಲಿ ಅಡಕಿ ಹಿಡಿದ್ರ ಏನಂತಾರ ಹೇಳ್ರಿ."

ಅಯ್ಯ ಬಾಯಿ ತೆರೆದ. ಏನನ್ನುತ್ತಾರೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಊರಿನ ಹೆಣ್ಣುಮಕ್ಕಳ ನಿಶ್ಚಯದ ವೀಳ್ಯಗಳೆಲ್ಲ ಅವನ ಕೈಯಿಂದಲೇ ಹೋಗಿದ್ದವು.

"ಯಾರ ಮನಿಗೆ ಗೊತ್ತಾತು ಅಂತ ಕೇಳ್ತಾರ," ಎಂದು ಆಕೆಯೇ ಮುಗಿಸಿದಳು. "ನೀವು ಗಂಡುಹುಡುಗರಿಗೆ ಅಂತ ಮಾಡಿಟ್ಟ ತಟ್ಟಿ ಅದು. ಗಂಡುಹುಡುಗರೂ ಏಳಂಗಿಲ್ಲ, ನೋಡ್ತಿರ್ರಿ. ಅಪ್ಪನ ಮುಂದ ಕಟ್ಟಿ ಏರಿ ನಿಂದ್ರೋ ಮಗ ಈ ಊರಾಗ ಯಾವನದಾನ?"

ಎದುರಿನವರ ಮಾತು ಸುಳ್ಳಾದಾಗ ಕರಿಬಸಯ್ಯನಿಗೆ ಸಿಟ್ಟು ಬರುತ್ತಿತ್ತು. ನಿಜವಾದಾಗ ಇನ್ನೂ ಜಾಸ್ತಿ ಬರುತ್ತಿತ್ತು. "ಬೀಸಂಗಿಲ್ಲ ಹೋಗು," ಎಂದು ಡಬ್ಬಿ ಎತ್ತಿ ಹೊಸ್ತಿಲ ಹೊರಗೆ ಇಟ್ಟು, ಗುಡಿಯ ಕಡೆ ನಡೆದುಬಿಟ್ಟ.

ತಿರುಗಿ ಬಂದಾಗ ಗಿರಣಿ ನಡೆಯುತ್ತಿತ್ತು. ಅಂಬಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀಸುತ್ತಿದ್ದಳು. ಹುಡುಗಿ ಬಾಯಿಗೆ ದುಪಟ್ಟಾ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಹೂಂ ಅಂದೋರಿಗೆಲ್ಲ ಬೀಸಿ ಕೊಟ್ರಿ," ಎಂದಳು ಅಂಬಮ್ಮ ಗಿರಣಿಯ ಸದ್ದಿನ ಮೇಲೆ. "ವಿಚಾರ ಮಾಡಿ ಊಹೂಂ ಅಂದಾಕಿ ಇಕಿ ಒಬ್ಬಾಕಿ. ಇಕಿ ಡಬ್ಬಿ ಹೊರಗ ಇಟ್ರಿ."

ಅಯ್ಯ ಕೇಳಿಸಲಿಲ್ಲ ಎಂಬಂತೆ ಕಿವಿಯ ಹತ್ತಿರ ಕೈ ಆಡಿಸಿದ.

ಇಲೆಕ್ಷನ್ ಬಂತು. ಸೋಮವಾರ ಗೊತ್ತಾಯಿತು. ಮಧ್ಯಾಹ್ನ ಊಟ ಮುಗಿಸಿ ಊರೆಲ್ಲ ಗುಡಿಯ ಮುಂದೆ ಸೇರಿತು. ಅಷ್ಟು ಮಂದಿ ಹಿಂದೆ ಎಂದೂ ಸೇರಿರಲಿಲ್ಲ. ವೀಳ್ಯ ನೋಡಲು ಬಂದವರಲ್ಲ ಅವರು, ಅಯ್ಯನ ಮಾತು ಏನಾಗುತ್ತದೆ ಎಂದು ನೋಡಲು ಬಂದವರು. ಕಟ್ಟೆಯ ಮೇಲೆ ಹಿರಿಯರು, ನಡುವೆ ಪಂಪನಗೌಡ. ಕೆಳಗೆ ಹುಡುಗರು, ಕೈಯಲ್ಲಿ ಫೋನು. ಬೇವಿನ ಮರದ ಕೆಳಗೆ ಹೆಣ್ಣುಮಕ್ಕಳು. ಬಳೆ ಮಾರುವ ಬಿಬಿಜಾನ್ ಬುಟ್ಟಿ ಇಳಿಸಿ ಅವರ ನಡುವೆ ಕೂತಿದ್ದಳು.

ಕರಿಬಸಯ್ಯ ಹೊಸ ಧೋತರ ಉಟ್ಟು ತಟ್ಟೆ ಹಿಡಿದು ನಿಂತ.

"ವೀಳ್ಯ ಐತಿ, ಹಿಡಿಯೋರು ಬರ್ರಿ."

ಯಾರೂ ಏಳಲಿಲ್ಲ. ಅದು ಮರ್ಯಾದೆ.

ಎರಡನೆಯ ಸಲ ಕೂಗಿದ. ಯಾರೂ ಏಳಲಿಲ್ಲ. ಅದೂ ಮರ್ಯಾದೆಯೇ. ಅಯ್ಯ ವೀರೇಂದ್ರನ ಕಡೆ ನೋಡಿದ. ವೀರೇಂದ್ರ ತನ್ನ ಚಪ್ಪಲಿಯ ಉಂಗುಟ ನೋಡುತ್ತಿದ್ದ. ಸಿದ್ದಲಿಂಗೇಶನ ಕಡೆ ನೋಡಿದ. ಅವನು ಫೋನು ಕಿವಿಗೆ ಹಿಡಿದಿದ್ದ. ಆ ಕಡೆ ಯಾರೂ ಇರಲಿಲ್ಲ.

ಮೂರನೆಯ ಸಲ ಅಯ್ಯ ಕೂಗಿದ್ದು ಪಕ್ಕದ ಊರಿಗೂ ಕೇಳಿರಬೇಕು. ಯಾರೂ ಏಳಲಿಲ್ಲ. ಇದು ಮರ್ಯಾದೆ ಅಲ್ಲ, ಬರೀ ಏಳಲಿಲ್ಲ.

ಗಿರಣಿಯಲ್ಲಿ ಬಿದ್ದ ಹೂಂಗಳನ್ನೆಲ್ಲ ಎದೆಯಲ್ಲಿ ಕೂಡಿಟ್ಟುಕೊಂಡಿದ್ದ ಮನುಷ್ಯನಿಗೆ ಅವೆಲ್ಲ ಅಲ್ಲೇ ಹೊಟ್ಟಾದವು. ಪಂಪನಗೌಡ ವಾಡಿಕೆಯಂತೆ ಮೊಣಕಾಲು ಹಿಡಿದುಕೊಂಡು ಎದ್ದ, ಕೈ ಚಾಚಿದ.

"ಹೋಗ್ಲಿ ಬಿಡ್ರಿ ಅಯ್ಯಾರ. ಸಿಟ್ನಾಗ ಆಡಿದ ಮಾತು. ಯಾರೂ ಮನಸಿಗೆ ಹಚ್ಕೊಂಡಿಲ್ಲ. ತರ್ರಿ."

ಬೈದಿದ್ದರೆ ಅಯ್ಯ ಕೊಟ್ಟುಬಿಡುತ್ತಿದ್ದನೋ ಏನೋ. ಗೌಡ ಕ್ಷಮಿಸಿಬಿಟ್ಟ. ಅದನ್ನು ತಡೆದುಕೊಳ್ಳಲು ಅಯ್ಯನಿಗೆ ಆಗಲಿಲ್ಲ. ತಟ್ಟೆಯನ್ನು ಎದೆಗೆ ಅವಚಿಕೊಂಡು ಕಟ್ಟೆಯಿಂದ ಕೆಳಗೆ ಇಳಿದ. ವೀಳ್ಯದ ತಟ್ಟೆ ಕಟ್ಟೆ ಇಳಿದದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ.

ನೇರ ವೀರೇಂದ್ರನ ಮುಂದೆ ಹೋಗಿ ನಿಂತ. "ಹಿಡಿ."

"ಅಯ್ಯಾರ, ಪರೀಕ್ಷಿ ಮುಗೀಲಿ."

"ಹೂಂ ಅಂದಿದ್ದಿ."

"ಆವಾಗ ಡಬ್ಬಿ ನಿಮ್ಮ ಕೈಯಾಗ ಇತ್ತಲ್ರಿ."

ಸಿದ್ದಲಿಂಗೇಶನ ಮುಂದೆ ನಿಂತ. "ಶಿಫ್ಟ್ ಐತ್ರೀ," ಎಂದ ಅವನು ಫೋನು ಕೆಳಗಿಳಿಸದೆ. ತಟ್ಟೆ ಮುಂದೆ ಹೋದಂತೆ ಹುಡುಗರು ಹಿಂದೆ ಹೋದರು. ಅಯ್ಯ ಒಂದು ಹೆಜ್ಜೆ ಇಟ್ಟರೆ ಅವರು ಎರಡು. ಕೊನೆಗೆ ಶಾಲೆಯ ಗೋಡೆ ಅಡ್ಡ ಬಂತು. ಅಲ್ಲಿ ನಿಂತರು, ಗೋಡೆ ಇರುವುದೇ ತಮ್ಮ ತಪ್ಪು ಎಂಬಂತೆ.

ಅಯ್ಯ ತಿರುಗಿ ನೋಡಿದರೆ ಬೇವಿನ ಮರದ ಕೆಳಗೆ ಭಾಗ್ಯಶ್ರೀ ನಿಂತಿದ್ದಳು. ಆಕೆ ಹಿಂದೆ ಸರಿದಿರಲಿಲ್ಲ. ಅಯ್ಯ ತಟ್ಟೆ ಮುಂದೆ ಮಾಡಲಿಲ್ಲ, ಸುಮ್ಮನೆ ನೋಡಿದ.

"ಆ ತಟ್ಟಿ ಕೆಳಗ ಇಡ್ರಿ ಅಯ್ಯಾರ," ಎಂದಳು ಹುಡುಗಿ. "ನಾ ವೀಳ್ಯ ಹಿಡಿಯಂಗಿಲ್ಲ. ಆದ್ರ ನಿಲ್ತೀನಿ."

ಕಟ್ಟೆಯ ಮೇಲಿಂದ ಹಿರಿಯ ದ್ಯಾವಪ್ಪ, ಕುರಿ ಮೇಯಿಸಿ ಮುದುಕನಾದವನು, ಕುತ್ತಿಗೆ ಚಾಚಿದ. "ವೀಳ್ಯ ಹಿಡೀದ ಹೆಂಗ ನಿಲ್ತಿಯವಾ?"

"ಮಂದಿ ಎಲ್ಲಾ ಊರಾಗ ಹೆಂಗ ನಿಲ್ತಾರ ಹಂಗ ಕಾಕಾ. ನಾಮಿನೇಶನ್ ಹಾಕಿ. ಕಾಯ್ದೆದಾಗ ಎಲಿ ಅಡಕಿ ಬರದಿಲ್ಲ."

"ಹಂಗ ಮಾಡಿದ್ರ ಓಟು ಆಗ್ತಾವಲ್ಲ."

"ಆಗ್ಲಿ."

"ಓಟು ಆದ್ರ ಊರಾಗ ಗದ್ಲ ಆಗ್ತೈತಿ."

"ಬ್ಯಾಸಗ್ಯಾಗ ಟ್ಯಾಂಕರ್ ಮುಂದ ನಡೆದಿದ್ದು ಭಜನಿ ಏನು?"

ಹೆಣ್ಣುಮಕ್ಕಳ ಕಡೆಯಿಂದ ಒಂದು ನಗೆ ಎದ್ದು, ಸೆರಗಿನ ಒಳಗೆ ಹೋಯಿತು. ಗಂಗಾದೇವಿ ಮಗಳ ತೋಳು ಜಗ್ಗಿದಳು. ಆಮೇಲೆ ಏನು ಅನ್ನಿಸಿತೋ, ಜಗ್ಗಿದ ತೋಳನ್ನು ಹಾಗೆಯೇ ಹಿಡಿದುಕೊಂಡು ನಿಂತಳು.

ಎಲ್ಲರೂ ಪಂಪನಗೌಡನ ಕಡೆ ನೋಡಿದರು. ಗೌಡ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ಸ್ವಲ್ಪ ಯೋಚಿಸಿ ಆ ಕೈಯನ್ನು ಇನ್ನೊಂದು ಕೈಗೆ ತಂದು ಎರಡು ಸಲ ಚಪ್ಪಾಳೆ ಹೊಡೆದ. "ಮಾತು ಕೊಟ್ಟಿದ್ನಲ್ಲ," ಎಂದ. "ಆದ್ರ ನಾನೂ ನಿಲ್ತೀನವಾ. ಬರೀ ಕುಂತ್ರ ಮನ್ಯಾಗ ಬೈತಾರ."

ಸಭೆ ಮುಗಿಯಿತು. ವೀಳ್ಯ ಮಾತ್ರ ಅಯ್ಯನ ಕೈಯಲ್ಲೇ ಉಳಿಯಿತು. ಗುಡಿಯ ಒಳಗೆ ಒಯ್ಯುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ, ಬಿಸಾಡುವಂತಿಲ್ಲ.

"ಎಲಿ ಬಾಡ್ತಾವು ಅಯ್ಯಾರ. ಹಾಳು ಮಾಡಬ್ಯಾಡ್ರಿ, ಇತ್ಲಾಗ ಕೊಡ್ರಿ," ಎಂದಳು ಬಿಬಿಜಾನ್. ತಗೊಂಡಳು, ಸುಣ್ಣ ಹಚ್ಚಿದಳು, ಬಾಯಿಗೆ ಹಾಕಿಕೊಂಡಳು, ಬುಟ್ಟಿ ಹೊತ್ತು ನಡೆದಳು. ಪದ್ಧತಿಯ ಪ್ರಕಾರ ಈಗ ಬಿಬಿಜಾನೇ ಮೆಂಬರಲ್ಲವೇ ಎಂದು ಕಟ್ಟೆಯಲ್ಲಿ ವಾರದ ತನಕ ಚರ್ಚೆ ನಡೆಯಿತು. ಆಕೆಯ ಓಟು ಮಸ್ಕಿಯಲ್ಲಿದೆ ಎಂದು ತಿಳಿದ ಮೇಲೆ ನಿಂತಿತು.

ನಾಮಿನೇಶನ್ ಹಾಕುವವರ ಹೆಸರು ಸೂಚಿಸಿ ಸಹಿ ಮಾಡಲು ವಾರ್ಡಿನವರು ಒಬ್ಬರು ಬೇಕು. ಭಾಗ್ಯಶ್ರೀ ಯಾರ ಮನೆಗೂ ಹೋಗಲಿಲ್ಲ. ಗಿರಣಿಗೆ ಬಂದಳು. ಅಯ್ಯ ಹಿಟ್ಟಿನ ಕೈ ಒರೆಸಿಕೊಂಡು ಸಹಿ ಮಾಡಿದ.

ಸಹಿಯ ಸುದ್ದಿ ಹಿರಿಯರಿಗೆ ಮುಟ್ಟಿತು. ಮರುದಿನದಿಂದ ಅವರ ಮನೆಗಳ ಜೋಳ ಬಸ್ ಹತ್ತಿ ಮಸ್ಕಿಗೆ ಹೋಗಿ, ಹಿಟ್ಟಾಗಿ, ಬಸ್ ಹತ್ತಿ ತಿರುಗಿ ಬರತೊಡಗಿತು. ಒಬ್ಬರನ್ನು ನೋಡಿ ಒಬ್ಬರು ಕಲಿತರು. ಕರೆಂಟು ಇರುತ್ತಿತ್ತು, ಗಿರಣಿ ಇರುತ್ತಿತ್ತು, ಅಯ್ಯ ಇರುತ್ತಿದ್ದ, ಜೋಳ ಇರುತ್ತಿರಲಿಲ್ಲ. ಅವನು ಗಿರಣಿಯ ಬೇರಿಂಗಿಗೆ ಎಣ್ಣೆ ಬಿಡುತ್ತ, ಒರೆಸುತ್ತ, ಮತ್ತೆ ಬಿಡುತ್ತ ಕೂತ.

"ಗುಡಿಗಾದ್ರ ಬರಾಕತ್ಯಾರಿಲ್ಲೋ?" ಎಂದು ಅಂಬಮ್ಮ ಕೇಳಿದಳು.

"ಬರಾಕತ್ಯಾರ. ಗುಡಿ ಮಸ್ಕಿಗೆ ಒಯ್ಯಾಕ ಬರಂಗಿಲ್ಲ."

ಗಿರಣಿ ನಿಂತದ್ದರಿಂದ ಒಂದು ಅನುಕೂಲವಾಯಿತು. ಅಲ್ಲಿ ಮಾತು ಕೇಳಿಸತೊಡಗಿತು. ನೆರಳಿತ್ತು, ಫ್ಯಾನು ಇತ್ತು, ಹಿರಿಯರು ಆ ಕಡೆ ಹಾಯುತ್ತಿರಲಿಲ್ಲ. ಮೊದಲು ಭಾಗ್ಯಶ್ರೀಯ ಗೆಳತಿಯರು ಬಂದರು. ಆಮೇಲೆ ಅಂದು ಶಾಲೆಯ ಗೋಡೆಗೆ ಒರಗಿ ನಿಂತಿದ್ದ ಹುಡುಗರು ಒಬ್ಬೊಬ್ಬರಾಗಿ ಬಂದರು, ಬಾಗಿಲಲ್ಲಿ ನಿಂತರು, ಕೊನೆಗೆ ಒಳಗೆ ಬಂದು ಖಾಲಿ ಚೀಲದ ಮೇಲೆ ಕೂತರು. ಅಯ್ಯ ಅವರನ್ನು ಕೂಡು ಅನ್ನಲಿಲ್ಲ, ಹೋಗು ಅನ್ನಲಿಲ್ಲ.

ಭಾಗ್ಯಶ್ರೀ ಮನೆ ಮನೆಗೆ ಹೋಗುವಾಗ ಓಟು ಹಾಕಿರಿ ಎಂದು ಕೇಳುತ್ತಿರಲಿಲ್ಲ. "ನಾ ಆರಿಸಿ ಬಂದ್ರ ಗ್ರಾಮಸಭಾಕ್ಕ ಬರ್ತೀರೇನು?" ಎಂದು ಕೇಳುತ್ತಿದ್ದಳು. ಜನ ಹೂಂ ಅನ್ನುತ್ತಿದ್ದರು.

"ನಿನಗೂ ಹೂಂ ಅಂದಾರ," ಎಂದ ಅಯ್ಯ. "ಆ ಹೂಂನ ರುಚಿ ನಾ ನೋಡೀನಿ."

"ನೀವು ಅವರ ಹಿಟ್ಟು ಹಿಡಕೊಂಡು ಕೇಳಿದ್ರಿ. ನನ್ನ ಕೈಯಾಗ ಏನೂ ಇಲ್ಲ. ಊಹೂಂ ಅನ್ನೋರು ಮುಖದ ಮ್ಯಾಲೆ ಅಂತಾರ. ನಿನ್ನೆ ದ್ಯಾವಪ್ಪ ಕಾಕಾ ಬಾಗಲಾ ಹಾಕ್ಕೊಂಡ."

"ಮತ್ತ?"

"ಇವತ್ತು ಮತ್ತ ಹೋಗಿದ್ನಿ. ಚಹಾ ಕೊಟ್ಟ. ಓಟು ಗೌಡ್ರಿಗೆ ಅಂದ. ಸಭಾಕ್ಕ ಮಾತ್ರ ಬರ್ತೀನಿ ಅಂದ."

ಅಯ್ಯ ಎಣ್ಣೆಯ ಡಬ್ಬಿ ಕೆಳಗಿಟ್ಟ. ತನ್ನ ಇಡೀ ಮಳೆಗಾಲದ ಭಾಷಣಕ್ಕೆ ಸಿಗದೇ ಇದ್ದದ್ದು ಈ ಹುಡುಗಿಗೆ ಒಂದು ಕಪ್ ಚಹಾದ ಜೊತೆ ಸಿಕ್ಕಿತ್ತು. ಇದರ ಮೇಲೆ ಸಿಟ್ಟು ಮಾಡಬೇಕೋ ಬೇಡವೋ ಎಂದು ಅವನಿಗೆ ಹೊಳೆಯಲಿಲ್ಲ. ಅಂಥ ಸಂದರ್ಭ ಅವನ ಜೀವನದಲ್ಲಿ ಕಡಿಮೆ.

ಹಾಲಗುಂಡಿಯವರು ಓಟು ಹಾಕಿದರು. ಎಷ್ಟೋ ಮಂದಿಗೆ ಪಂಚಾಯ್ತಿಯ ಓಟು ಹೇಗೆ ಹಾಕುವುದು ಎಂದೇ ಗೊತ್ತಿರಲಿಲ್ಲ. ದೊಡ್ಡ ಇಲೆಕ್ಷನ್ನಿಗೆ ಹಾಕಿದ್ದರು, ತಮ್ಮ ಓಣಿಯದಕ್ಕೆ ಹಾಕಿರಲಿಲ್ಲ. ಮಸ್ಕಿಯಲ್ಲಿ ಎಣಿಕೆ ಆಯಿತು. ಕೂದಲೆಳೆಯಲ್ಲಿ ಭಾಗ್ಯಶ್ರೀ ಗೆದ್ದಳು. ಪಂಪನಗೌಡ ಮನೆಗೆ ಬಂದು, ಊಟ ಮಾಡಿ, ಮಲಗಿದ. ಚಲೋ ನಿದ್ದೆ ಬಂತಂತೆ. ಮೀಟಿಂಗಿನಲ್ಲಿ ಬರುತ್ತಿದ್ದುದು ಇಷ್ಟು ಗಟ್ಟಿ ನಿದ್ದೆಯಲ್ಲ ಎಂದು ಅವನೇ ಹೇಳಿದ.

ಗೆದ್ದವಳ ಮೇಲೆ ಹಿರಿಯರಿಗೆ ಸಿಟ್ಟು ಉಳಿಯಲಿಲ್ಲ. ಮಸ್ಕಿ ಬಸ್ಸಿನ ಟಿಕೆಟ್ಟಿನ ಮೇಲೆ ಉಳಿಯಿತು. ಜೋಳ ಮೆಲ್ಲಗೆ ತಿರುಗಿ ಅಯ್ಯನ ಗಿರಣಿಗೆ ಬಂತು.

ಕಾಲುವೆ ಬಂದ್ ಆಗುವ ಮೊದಲು ಭಾಗ್ಯಶ್ರೀ ಸಿಂಧನೂರು, ಲಿಂಗಸುಗೂರಿನ ಆಫೀಸುಗಳಿಗೆ ಎಡತಾಕಿ ತೂಬು ಎತ್ತಿಸಿದಳು. ಎತ್ತಿಸಿದರೆ ಆಗಲಿಲ್ಲ, ಮೇಲಿನ ಊರಿನವರು ಬಂದು ಇಳಿಸಿ ಹೋಗುತ್ತಿದ್ದರು. ಆಗ ಗಿರಣಿಯ ಚೀಲದ ಮೇಲೆ ಕೂತು ಅಭ್ಯಾಸವಾಗಿದ್ದ ಹುಡುಗರು ಪಾಳಿ ಹಚ್ಚಿ ತೂಬಿನ ಹತ್ತಿರ ಕೂತರು. ಸಿದ್ದಲಿಂಗೇಶ ಹಟ್ಟಿಯಲ್ಲಿ ಶಿಫ್ಟು ಬದಲಿಸಿಕೊಂಡ. ವೀರೇಂದ್ರ ಪುಸ್ತಕ ಒಯ್ದು ಅಲ್ಲಿಯೇ ಓದಿದ. ಕೆರೆ ತುಂಬಿತು. ಕರಿಬಸಯ್ಯ ಸೈಕಲ್ಲಿನಲ್ಲಿ ಹೋಗಿ ದಂಡೆಯ ಮೇಲೆ ನಿಂತು ನೋಡಿದ.

"ಇನ್ನೊಂದು ಗೇಣು ಬರಬೇಕಿತ್ತು," ಎಂದ. ಹೊಗಳುವುದು ಅವನಿಗೆ ಅಷ್ಟೇ ಬರುತ್ತಿತ್ತು.

ಆಮೇಲೆ ಗ್ರಾಮಸಭೆ. ಶಾಲೆಯ ಅಂಗಳದಲ್ಲಿ ಹಾಸಿದ ಜಮಖಾನೆ ಸಾಲದೆ ಮಂದಿ ಮಣ್ಣಿನ ಮೇಲೆ 'ಸಾಕು, ಇಲ್ಲೇ' ಎಂದು ಕೂತರು. ಅಯ್ಯ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಇದೆಲ್ಲ ತನ್ನಿಂದ ಆದದ್ದು ಎಂದು ಅವನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೇ ಇಲ್ಲ ಎಂಬಂತೆ ಕೂತಿದ್ದ.

ರಸ್ತೆ, ದೀಪ, ಚರಂಡಿ ಮುಗಿಯಿತು. ಭಾಗ್ಯಶ್ರೀ ಎದ್ದು ನಿಂತಳು. "ಅಂಗನವಾಡಿ ಮಕ್ಕಳಿಗೆ ಕೆಮ್ಮು ಬಿಡವಲ್ದು. ಬಾಜೂಕಿನ ಗಿರಣಿ ಧೂಳು ಕಿಟಕ್ಯಾಗಿಂದ ಒಳಗ ಹೊಕ್ಕೊಳ್ಳಾಕತ್ತೈತಿ. ಗಿರಣಿಯವರು ಆ ಕಡೆ ಬಾಗಲಾ ಮುಚ್ಚಬೇಕು, ಇಲ್ಲಾ ತಾಡಪತ್ರಿ ಕಟ್ಟಬೇಕು."

ಅಂಗಳವೆಲ್ಲ ಅಯ್ಯನ ಕಡೆ ನೋಡಿತು. ಹಾಲಗುಂಡಿಯಲ್ಲಿ ಇನ್ನೊಂದು ಗಿರಣಿ ಇರಲಿಲ್ಲ.

ಅಯ್ಯ ಎದ್ದ. "ನೀ ಯಾರ ಮುಂದ ಮಾತಾಡಾಕತ್ತಿ ಗೊತ್ತೈತಿಲ್ಲೋ?"

"ಗಿರಣಿ ಮಾಲಕರ ಮುಂದ ರೀ."

"ನಿನ್ನ ನಾಮಿನೇಶನ್ನಿಗೆ ಸಹಿ ಮಾಡಿದ ಕೈ ಇದು."

"ಹೌದ್ರಿ ಅಯ್ಯಾರ. ಆ ಕೈಲಿಂದನ ತಾಡಪತ್ರಿ ಕಟ್ರಿ. ಮತ್ತ, ಮಾತಾಡೋರು ಕೈ ಎತ್ತಿ ಮಾತಾಡಬೇಕು ಅಂತ ಮೊದಲ ಹೇಳೀವಿ."

ಅಯ್ಯ ಸಭೆ ಬಿಟ್ಟು ನಡೆದುಬಿಟ್ಟ. ಮನೆಯಲ್ಲಿ ರೊಟ್ಟಿ ಮುಟ್ಟಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅಂಬಮ್ಮ ತಾಟು ಮುಚ್ಚಿಟ್ಟು ಪಕ್ಕದಲ್ಲಿ ಕೂತಳು.

"ಹರೇದವರು ಮುಂದ ಬರಬೇಕು ಅಂತಿದ್ರಿ," ಎಂದಳು. "ಬಂದಾರ. ಈಗ ಯಾವ ಕಡಿ ಹೋಗಬೇಕಿತ್ತು ಅವರು, ನಿಮ್ಮ ಗಿರಣಿ ಬಿಟ್ಟು?"

ಅಯ್ಯ ಗೋಡೆಯ ಕಡೆಯಿಂದ ಈ ಕಡೆ ಹೊರಳಿದ.

"ಆ ಮಕ್ಕಳು ಖರೇನ ಕೆಮ್ತಾವೇನು?" ಎಂದು ಕೇಳಿದ.

"ಗಿರಣಿ ಸಪ್ಪಳದಾಗ ನಿಮಗ ಕೇಳಂಗಿಲ್ಲ."

ಮರುದಿನ ಅಯ್ಯ ಸಿಂಧನೂರಿನ ಬಸ್ ಹತ್ತಿ, ಲಾರಿಗೆ ಹೊದಿಸುವಂಥ ದಪ್ಪ ತಾಡಪತ್ರಿ ತಂದ. ಅಂಗನವಾಡಿಯ ಕಡೆಯ ಬಾಗಿಲಿಗೆ ತಾನೇ ಮೊಳೆ ಹೊಡೆದು ಬಿಗಿಯಾಗಿ ಕಟ್ಟಿದ. ಕಟ್ಟುವಾಗ ತಾಡಪತ್ರಿಗೆ, ಮೊಳೆಗೆ, ಸುತ್ತಿಗೆಗೆ ಬೈದ, ಮೆಂಬರಿಗೆ ಬೈಯಲಿಲ್ಲ. ಅಂಗನವಾಡಿಯ ಕಿಟಕಿ ತಿಳಿಯಾಯಿತು. ಧೂಳು ಹೋಗಲು ದಾರಿ ಬೇಕಲ್ಲ, ಹಿಂದಿನ ಬಾಗಿಲಿನಿಂದ ಹೊರಟು ಪಂಪನಗೌಡನ ಹಿತ್ತಲಿಗೆ ಹೋಯಿತು. ಗೌಡ ಮಧ್ಯಾಹ್ನ ಮಂಚ ಹಾಕಿ ಮಲಗುವ ಜಾಗ ಅದು.

ಮುಂದಿನ ಗ್ರಾಮಸಭೆಗೆ ಗೌಡ ಎಲ್ಲರಿಗಿಂತ ಮೊದಲು ಬಂದ. ಹುಡುಗರ ಸಾಲಿನಲ್ಲಿ ಜಾಗ ಮಾಡಿಸಿಕೊಂಡು, ವೀರೇಂದ್ರನ ಪಕ್ಕ ಜಮಖಾನೆಯ ಮೇಲೆ ಕೂತ. ಚಹಾ ಬಂದಾಗ ಬೇಡ ಎಂದ. ತನ್ನ ಪಾಳಿ ಬರುವ ತನಕ ಎಚ್ಚರವಾಗಿಯೇ ಇದ್ದು, ಆಮೇಲೆ ಕೈ ಎತ್ತಿದ.